ಒಂದು ಆಟ, ಎರಡು ಹೆಸರು, ಐದು ಯಜಮಾನರು

2024ರ ಅಕ್ಟೋಬರ್ ಎರಡನೇ ವಾರದಲ್ಲಿ ‘ಡ್ರ್ಯಾಗನ್ ಬಾಲ್: ಸ್ಪಾರ್ಕಿಂಗ್! ಝೀರೋ’ ಎಂಬ ವಿಡಿಯೊ ಗೇಮ್ ಮಾರುಕಟ್ಟೆಗೆ ಬಂತು. ಮೊದಲ 24 ಗಂಟೆಗಳಲ್ಲೇ 30 ಲಕ್ಷ ಪ್ರತಿಗಳು ಮಾರಾಟವಾದವು ಎಂದು ಅದನ್ನು ಹೊರತಂದ ಬಂಡೈ ನಾಮ್ಕೊ ಕಂಪನಿ ಪ್ರಕಟಿಸಿತು. ಡ್ರ್ಯಾಗನ್ ಬಾಲ್ ಹೆಸರನ್ನು ಬಾಲ್ಯದ ಟಿ.ವಿ.ಯಿಂದ ಮಾತ್ರ ಬಲ್ಲವರಿಗೆ ಈ ಸುದ್ದಿ ಸುಲಭಕ್ಕೆ ಅರಗಲಿಲ್ಲ. ಮೂಲ ಮಾಂಗಾ, ಅಂದರೆ ಜಪಾನಿನ ಚಿತ್ರಕಥಾ ಧಾರಾವಾಹಿ, 1995ರಲ್ಲೇ ಮುಗಿದಿದೆ. ಅದನ್ನು ಬರೆದು ಚಿತ್ರಿಸಿದ ಅಕಿರಾ ಟೋರಿಯಾಮಾ ಅದೇ 2024ರ ಮಾರ್ಚ್ 1ರಂದು, 68ನೇ ವಯಸ್ಸಿನಲ್ಲಿ, ತೀರಿಕೊಂಡಿದ್ದರು. ಕಥೆ ನಿಂತು ಮೂವತ್ತು ವರ್ಷವಾಗುತ್ತಿದ್ದಾಗ, ಕಥೆಗಾರನೂ ಇಲ್ಲದಾಗ, ಈ ಪರಿ ವ್ಯಾಪಾರ ಎಲ್ಲಿಂದ ಬಂತು?

ಎರಡನೆಯ ಗೊಂದಲ ಹೆಸರಿನದು. ಕೆಲವರು ಇದನ್ನು ‘ಬುಡೊಕಾಯ್ ಟೆಂಕಾಯ್ಚಿ’ ಸರಣಿಯ ನಾಲ್ಕನೇ ಭಾಗ ಎಂದರು. ಡಬ್ಬಿಯ ಮೇಲೆ ಆ ಹೆಸರೂ ಇಲ್ಲ, ನಾಲ್ಕೆಂಬ ಅಂಕಿಯೂ ಇಲ್ಲ, ಇರುವುದು ಸೊನ್ನೆ. ಮೂರನೆಯದು ಇನ್ನೂ ವಿಚಿತ್ರ. ಹೊಸದು ಇಷ್ಟು ಓಡುತ್ತಿದೆಯಾದರೆ ಅದರ ಹಿಂದಿನ ಮೂರು ಭಾಗಗಳನ್ನೂ ಕೊಂಡು ಆಡೋಣ ಎಂದು ಹೊರಟವರಿಗೆ ಅವು ಯಾವ ಡಿಜಿಟಲ್ ಅಂಗಡಿಯಲ್ಲೂ ಸಿಗಲಿಲ್ಲ.

ಬೇರೆ ಬೇರೆಯಾಗಿ ಕಾಣುವ ಈ ಮೂರೂ ಗಂಟುಗಳಿರುವುದು ಒಂದೇ ದಾರದಲ್ಲಿ. ಆ ದಾರದ ಹೆಸರು ಪರವಾನಗಿ. ಡ್ರ್ಯಾಗನ್ ಬಾಲ್ ಗೇಮ್‌ಗಳ ಇತಿಹಾಸವನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಏಳಿಗೆಯ ಕಥೆಯಾಗಿ ಹೇಳುವುದು ರೂಢಿ: ಚುಕ್ಕಿ ಚುಕ್ಕಿ ಚಿತ್ರಗಳಿದ್ದವು, ಆಮೇಲೆ ಮೂರು ಆಯಾಮ ಬಂತು, ಈಗ ಟಿ.ವಿ. ಸರಣಿಯನ್ನೇ ಮೀರಿಸುವ ದೃಶ್ಯ. ಅದು ಸುಳ್ಳಲ್ಲ. ಆದರೆ ಯಾವ ಆಟ ಯಾವ ದೇಶಕ್ಕೆ ಯಾವಾಗ ಹೋಯಿತು, ಯಾವ ಹೆಸರಿನಲ್ಲಿ ಹೋಯಿತು, ಏಕೆ ಮಾಯವಾಯಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಡಬ್ಬಿಯ ಹಿಂದಿನ ಸಣ್ಣ ಅಕ್ಷರ

ಯಾವುದೇ ಡ್ರ್ಯಾಗನ್ ಬಾಲ್ ಗೇಮ್‌ನ ಡಬ್ಬಿ ತಿರುಗಿಸಿದರೆ ಕಣ್ಣಿಗೆ ಕಂಡೂ ಕಾಣದ ಗಾತ್ರದಲ್ಲಿ ಹಕ್ಕುಸ್ವಾಮ್ಯದ ಸಾಲೊಂದು ಇರುತ್ತದೆ: ಬರ್ಡ್ ಸ್ಟುಡಿಯೊ, ಶುಯೇಶಾ, ಟೋಯಿ ಆನಿಮೇಷನ್. ಬರ್ಡ್ ಸ್ಟುಡಿಯೊ ಎಂದರೆ ಟೋರಿಯಾಮಾ ಅವರದೇ ಸಂಸ್ಥೆ. ಶುಯೇಶಾ ಎಂದರೆ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯನ್ನು ನಡೆಸುವ ಪ್ರಕಾಶನ ಸಂಸ್ಥೆ. 1984ರ ಕೊನೆಯಿಂದ 1995ರವರೆಗೆ 519 ಕಂತುಗಳಲ್ಲಿ ಮಾಂಗಾ ಬಂದದ್ದು ಅಲ್ಲೇ. ಟೋಯಿ ಅದನ್ನು ಟಿ.ವಿ.ಗೆ ತಂದ ಆನಿಮೇಷನ್ ಕಂಪನಿ. ಇವರ ಜೊತೆಗೆ ಆಟಿಕೆ ತಯಾರಿಸಿ ಬೆಳೆದು ಗೇಮ್ ವ್ಯಾಪಾರಕ್ಕಿಳಿದ ಬಂಡೈ ನಾಲ್ಕನೆಯದು. ಹೊರದೇಶದಲ್ಲಿ ಮಾರುವ ಹಕ್ಕು ಪಡೆದ ಕಂಪನಿ, ಕಾಲಕಾಲಕ್ಕೆ ಬದಲಾಗುತ್ತಾ ಬಂದ ಐದನೆಯ ಯಜಮಾನ.

ಇಷ್ಟರಲ್ಲಿ ಗೇಮ್ ತಯಾರಿಸುವವರು ಎಲ್ಲಿದ್ದಾರೆ? ಎಲ್ಲೂ ಇಲ್ಲ. ಟೋಸೆ, ಡಿಂಪ್ಸ್, ಸ್ಪೈಕ್, ಆರ್ಕ್ ಸಿಸ್ಟಮ್ ವರ್ಕ್ಸ್, ಸೈಬರ್‌ಕನೆಕ್ಟ್‌ಟು ಮುಂತಾದ ಸ್ಟುಡಿಯೊಗಳು ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಟ್ಟವು. ಆಟದ ಒಳಗಿನ ಜಾಣ್ಮೆಯೆಲ್ಲ ಅವರದು. ಅದು ಉಳಿಯಬೇಕೇ ಅಳಿಯಬೇಕೇ ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಅವರದಲ್ಲ.

ಮಾಂಗಾದಿಂದ ನೇರವಾಗಿ ಗೇಮ್ ಹುಟ್ಟಿತು ಎಂದುಕೊಳ್ಳುವುದೂ ಪೂರ್ತಿ ಸರಿಯಲ್ಲ. ಕಾಗದದ ಮೇಲಿನ ಕಥಾನಾಯಕ ಗೋಕುವಿಗೆ ದನಿಯಿಲ್ಲ, ಬಹುತೇಕ ಪುಟಗಳಲ್ಲಿ ಬಣ್ಣವೂ ಇಲ್ಲ. ಆಟಗಾರರು ಬಯಸುವ ದನಿ, ಬಣ್ಣ, ಶಕ್ತಿಯ ಅಲೆ ಬಿಡುವಾಗ ಅವನು ಕೂಗುವ ‘ಕಾಮೆಹಾಮೆಹಾ’ದ ಎಳೆತ ಎಲ್ಲವೂ ಟಿ.ವಿ. ಸರಣಿಯವು. ಹೀಗಾಗಿ ಟೋಯಿಯನ್ನು ಬಿಟ್ಟು ಗೇಮ್ ಇಲ್ಲ. ಟಿ.ವಿ.ಯಲ್ಲಿ ಸರಣಿ ಓಡುತ್ತಿದ್ದಾಗ ಗೇಮ್‌ಗಳು ಸಾಲುಗಟ್ಟಿದವು, ಅದು ನಿಂತಾಗ ಇವೂ ನಿಂತವು. ಗಾಳಿ ಬಂದಾಗ ತೂರಿಕೋ ಎಂಬುದನ್ನು ಬಂಡೈನಷ್ಟು ಶ್ರದ್ಧೆಯಿಂದ ಪಾಲಿಸಿದ ಕಂಪನಿ ಕಡಿಮೆ. ‘ಸ್ಪಾರ್ಕಿಂಗ್! ಝೀರೋ’ ಬಂದ ವಾರವೇ ಜಪಾನಿನ ಟಿ.ವಿ.ಯಲ್ಲಿ ‘ಡ್ರ್ಯಾಗನ್ ಬಾಲ್ ದಾಯ್ಮಾ’ ಎಂಬ ಹೊಸ ಸರಣಿ ಆರಂಭವಾದದ್ದನ್ನು ಕಾಕತಾಳೀಯ ಎನ್ನುವುದು ಕಷ್ಟ.

ಹಸಿದ ಗೋಕು, ಮರೆಮಾಚಿದ ಗೋಕು

ಮೊದಲ ಆಟ ಬಂಡೈಯದಲ್ಲ ಎಂಬುದು ಅಭಿಮಾನಿಗಳಿಗೂ ಅಷ್ಟಾಗಿ ನೆನಪಿರುವುದಿಲ್ಲ. 1986ರ ಸೆಪ್ಟೆಂಬರ್‌ನಲ್ಲಿ ಎಪೋಕ್ ಕಂಪನಿಯು ತನ್ನ ಸೂಪರ್ ಕ್ಯಾಸೆಟ್ ವಿಷನ್ ಯಂತ್ರಕ್ಕಾಗಿ ‘ಡ್ರ್ಯಾಗನ್ ದಾಯ್‌ಹಿಕ್ಯೊ’ ಎಂಬ ಗುಂಡು ಹಾರಿಸುವ ಆಟವನ್ನು ತಂದಿತು. ಎರಡು ತಿಂಗಳ ನಂತರ, ನವೆಂಬರ್ 27ರಂದು, ನಿಂಟೆಂಡೊದ ಫ್ಯಾಮಿಕಾಮ್‌ಗೆ ಬಂಡೈಯ ‘ಶೆನ್‌ರೊನ್ ನೊ ನಾಜೊ’ ಬಂತು. ಜಪಾನಿನ ಮನೆಮನೆಯಲ್ಲಿದ್ದ ಯಂತ್ರ ಫ್ಯಾಮಿಕಾಮ್. ಆಟ ಹತ್ತು ಲಕ್ಷ ಪ್ರತಿಗಳ ಗಡಿ ದಾಟಿತು. ಎಪೋಕ್ ಹಿಂದೆ ಸರಿಯಿತು, ಅಲ್ಲಿಂದಾಚೆಗೆ ಜಪಾನಿನಲ್ಲಿ ಡ್ರ್ಯಾಗನ್ ಬಾಲ್ ಎಂದರೆ ಬಂಡೈ ಎಂದಾಯಿತು.

ಆ ಆಟದಲ್ಲಿ ಗೋಕುವಿನ ಶಕ್ತಿ ಸುಮ್ಮನೆ ನಿಂತರೂ ಇಳಿಯುತ್ತಾ ಹೋಗುತ್ತದೆ. ದಾರಿಯಲ್ಲಿ ಊಟ ಹುಡುಕಿ ತಿನ್ನಿಸುತ್ತಲೇ ಇರಬೇಕು. ಮಾಂಗಾದ ಹೊಟ್ಟೆಬಾಕ ಹುಡುಗನನ್ನು ಆಟದ ನಿಯಮವಾಗಿಸಿದ ಈ ಉಪಾಯ ಆಟಗಾರರಿಗೆ ಕಾಟವಾಗಿತ್ತು ನಿಜ, ಆದರೆ ಪಾತ್ರಕ್ಕೆ ಮಾತ್ರ ಪೂರ್ತಿ ಒಪ್ಪುವಂತಿತ್ತು.

ಇದೇ ಆಟ 1988ರಲ್ಲಿ ಅಮೆರಿಕಕ್ಕೆ ಹೋದಾಗ ಆದದ್ದನ್ನು ಗಮನಿಸಬೇಕು. ಅಲ್ಲಿ ಆಗ ಮಾಂಗಾ ಇರಲಿಲ್ಲ, ಟಿ.ವಿ. ಸರಣಿಯೂ ಇರಲಿಲ್ಲ. ಡ್ರ್ಯಾಗನ್ ಬಾಲ್ ಎಂಬ ಹೆಸರಿಗೆ ಬೆಲೆಯೇ ಇಲ್ಲದ ಜಾಗದಲ್ಲಿ ಆ ಹೆಸರನ್ನು ಹೊತ್ತು ತಿರುಗಿ ಏನು ಪ್ರಯೋಜನ? ಆಟದ ಹೆಸರು ‘ಡ್ರ್ಯಾಗನ್ ಪವರ್’ ಎಂದಾಯಿತು, ಗೋಕುವಿನ ಗೆಳತಿ ಬುಲ್ಮಾ ನೋರಾ ಆದಳು, ಗೋಕುವಿನ ಮುಖವನ್ನು ಕೋತಿಯ ಹತ್ತಿರಕ್ಕೆ ತಿದ್ದಿದರು. ಹರಟೆಮಲ್ಲ ಮುದುಕ ಗುರು ಬುಲ್ಮಾಳ ಒಳಉಡುಪನ್ನು ಕೇಳುವ ತುಂಟ ಸನ್ನಿವೇಶ ಮೂಲದಲ್ಲಿದೆ. ಅಮೆರಿಕದ ಆವೃತ್ತಿಯಲ್ಲಿ ಅವನು ಸ್ಯಾಂಡ್‌ವಿಚ್ ಕೇಳುತ್ತಾನೆ. ಇದನ್ನು ಬರೀ ಮಡಿವಂತಿಕೆ ಎಂದು ನಗುವವರು ಅರ್ಧ ಕಾರಣವನ್ನಷ್ಟೇ ನೋಡುತ್ತಾರೆ. ಇನ್ನರ್ಧ, ಪರಿಚಯವೇ ಇಲ್ಲದ ಪಾತ್ರಕ್ಕೆ ಮಾರುಕಟ್ಟೆಯಲ್ಲಿ ನಿಷ್ಠೆ ಇರುವುದಿಲ್ಲ ಎಂಬುದು. ಎರಡು ವರ್ಷದ ನಂತರ ಅದೇ ಆಟ ಫ್ರಾನ್ಸ್‌ಗೆ ಹೋದಾಗ ‘ಡ್ರ್ಯಾಗನ್ ಬಾಲ್’ ಎಂಬ ಹೆಸರಿನಲ್ಲೇ ಹೋಯಿತು, ಏಕೆಂದರೆ ಅಲ್ಲಿನ ಮಕ್ಕಳು 1988ರಿಂದಲೇ ‘ಕ್ಲಬ್ ಡೊರೊತೆ’ ಕಾರ್ಯಕ್ರಮದಲ್ಲಿ ಗೋಕುವನ್ನು ನೋಡುತ್ತಿದ್ದರು.

ಹಾರುವ ಕುಸ್ತಿಪಟುಗಳನ್ನು ಹಿಡಿಯುವ ಕಷ್ಟ

1988ರಿಂದ ಮೂರು ನಾಲ್ಕು ವರ್ಷ ಫ್ಯಾಮಿಕಾಮ್‌ನಲ್ಲಿ ಬಂದ ಡ್ರ್ಯಾಗನ್ ಬಾಲ್ ಆಟಗಳಲ್ಲಿ ಹೊಡೆದಾಟ ನಡೆಯುತ್ತಿದ್ದುದು ಇಸ್ಪೀಟಿನಂಥ ಕಾರ್ಡುಗಳಿಂದ. ಎಲೆ ಆರಿಸಿದರೆ ಅದರ ಬಲಕ್ಕೆ ತಕ್ಕ ಹೊಡೆತದ ಚಿತ್ರ ತೆರೆಯ ಮೇಲೆ ಬರುತ್ತಿತ್ತು. ಇದಕ್ಕೆ ತಾಂತ್ರಿಕ ಕಾರಣವೊಂದಿತ್ತು: ಆಕಾಶಕ್ಕೆ ಹಾರಿ, ಮೈಲು ದೂರ ಸಿಡಿದು, ಬೆಟ್ಟ ಪುಡಿಮಾಡುವ ಕಾಳಗವನ್ನು ಆ ಯಂತ್ರದಲ್ಲಿ ಸರಾಗವಾಗಿ ಆಡಿಸುವುದು ಸಾಧ್ಯವಿರಲಿಲ್ಲ. ಜೊತೆಗೆ ವ್ಯಾಪಾರದ ಹೊಂದಾಣಿಕೆಯೂ ಇತ್ತು. ಬಂಡೈ ಅದೇ 1988ರಲ್ಲಿ ‘ಕಾರ್ಡ್‌ಡಾಸ್’ ಎಂಬ, ನಾಣ್ಯ ಹಾಕಿದರೆ ಕಾರ್ಡು ಉದುರಿಸುವ ಯಂತ್ರಗಳನ್ನು ಅಂಗಡಿಗಳ ಮುಂದೆ ಇಡಲು ಶುರು ಮಾಡಿತ್ತು, ಡ್ರ್ಯಾಗನ್ ಬಾಲ್ ಕಾರ್ಡುಗಳು ಅದರಲ್ಲಿ ಮುಂಚೂಣಿಯಲ್ಲಿದ್ದವು. ಕೈಯಲ್ಲೂ ಕಾರ್ಡು, ತೆರೆಯಲ್ಲೂ ಕಾರ್ಡು. ಆಟಿಕೆ ಕಂಪನಿಯ ತಲೆ ಹೀಗೆ ಓಡುತ್ತದೆ. 2010ರಲ್ಲಿ ಜಪಾನಿನ ಆಟದಂಗಡಿಗಳಿಗೆ ಬಂದ ‘ಡ್ರ್ಯಾಗನ್ ಬಾಲ್ ಹೀರೋಸ್’ ಯಂತ್ರ ಇದೇ ತಲೆಯ ಮುಂದಿನ ಫಸಲು.

1991ರಲ್ಲಿ ‘ಸ್ಟ್ರೀಟ್ ಫೈಟರ್ 2’ ಬಂದು ಇಬ್ಬರು ಎದುರುಬದುರು ನಿಂತು ಹೊಡೆದಾಡುವ ಆಟಗಳಿಗೆ ಹುಚ್ಚೆಬ್ಬಿಸಿತು. 1993ರ ಮಾರ್ಚ್‌ನಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಬಂದ ‘ಸೂಪರ್ ಬುತೋದೆನ್’ ಆ ಮಾದರಿಯನ್ನು ಹಿಡಿದು ಅದಕ್ಕೊಂದು ಸಣ್ಣ ತಿರುವು ಕೊಟ್ಟಿತು. ಇಬ್ಬರು ಹೋರಾಟಗಾರರು ದೂರ ಸರಿದರೆ ತೆರೆ ನಡುವೆ ಸೀಳಿ ಎರಡಾಗುತ್ತದೆ. ಒಬ್ಬ ನೆಲದ ಮೇಲಿದ್ದು ಇನ್ನೊಬ್ಬ ಆಕಾಶದಲ್ಲಿದ್ದರೂ ಇಬ್ಬರೂ ಕಾಣುತ್ತಾರೆ. ದೂರದಿಂದ ಬಿಟ್ಟ ಶಕ್ತಿಯ ಅಲೆ ಒಂದು ಅರ್ಧದಿಂದ ಹೊರಟು ಇನ್ನೊಂದು ಅರ್ಧಕ್ಕೆ ಬಂದು ಬಡಿಯುವಾಗ ಮಾಂಗಾದ ಎರಡು ಚೌಕಟ್ಟುಗಳೇ ಪಕ್ಕಪಕ್ಕದಲ್ಲಿ ಜೀವ ತಳೆದಂತೆ ಕಾಣುತ್ತಿತ್ತು. ಮುಂದೆ ಬಂದ ಎಷ್ಟೋ ದುಬಾರಿ ಪ್ರಯೋಗಗಳಿಗಿಂತ ಇದು ಮಿಗಿಲು ಎಂದು ಈ ಲೇಖಕನ ಅಭಿಪ್ರಾಯ.

ಆಟ ವರ್ಷದೊಳಗೇ ಫ್ರೆಂಚ್ ಭಾಷೆಯಲ್ಲಿ ಫ್ರಾನ್ಸ್‌ಗೆ ಬಂತು. ಅಮೆರಿಕಕ್ಕೆ ಬರಲಿಲ್ಲ. ಟಿ.ವಿ. ಎಲ್ಲಿತ್ತೋ ಗೇಮ್ ಅಲ್ಲಿಗೆ.

ಬರ, ಮತ್ತು ಬೇರೆ ಊರಿನ ಮಳೆ

‘ವೀಕ್ಲಿ ಶೋನೆನ್ ಜಂಪ್’ ತನ್ನ ಶಿಖರದಲ್ಲಿ, 1994ರ ಕೊನೆಯ ಹೊತ್ತಿಗೆ, ಒಂದು ಸಂಚಿಕೆಗೆ 65.3 ಲಕ್ಷ ಪ್ರತಿ ಅಚ್ಚು ಹಾಕುತ್ತಿತ್ತು. 1995ರಲ್ಲಿ ಡ್ರ್ಯಾಗನ್ ಬಾಲ್ ಮುಗಿದ ಮೇಲೆ ಆ ಸಂಖ್ಯೆ ಇಳಿಯತೊಡಗಿತು. 1996ರ ಆರಂಭಕ್ಕೆ ಟಿ.ವಿ.ಯ ‘ಡ್ರ್ಯಾಗನ್ ಬಾಲ್ ಝೆಡ್’ ಸರಣಿ ಮುಗಿಯಿತು. ಮಾಂಗಾದ ಆಧಾರವಿಲ್ಲದೆ ಟೋಯಿ ತಾನೇ ಬೆಳೆಸಿದ ಮುಂದಿನ ಸರಣಿ ‘ಜಿ.ಟಿ.’ 1997ರ ನವೆಂಬರ್‌ಗೆ ನಿಂತಿತು. ಅದೇ ವರ್ಷದ ‘ಫೈನಲ್ ಬೌಟ್’ ಎಂಬ ಪ್ಲೇಸ್ಟೇಷನ್ ಆಟದ ನಂತರ ಜಪಾನಿನಲ್ಲಿ ಐದು ವರ್ಷ ಹೆಚ್ಚುಕಡಿಮೆ ಬರ. ಯಂತ್ರಗಳ ಶಕ್ತಿ ಆ ಐದು ವರ್ಷಗಳಲ್ಲಿ ಹಲವು ಪಟ್ಟು ಹೆಚ್ಚಿತ್ತು ಎಂಬುದನ್ನು ನೆನಪಿಡಿ. ಸಾಮರ್ಥ್ಯ ಬೇಕಾದಷ್ಟಿತ್ತು, ನೆಪ ಇರಲಿಲ್ಲ.

ಆ ನೆಪ ಹುಟ್ಟಿದ್ದು ಜಪಾನಿನಲ್ಲಿ ಅಲ್ಲ. 1998ರ ಆಗಸ್ಟ್‌ನಿಂದ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್‌ನ ‘ಟೂನಾಮಿ’ ವಿಭಾಗದಲ್ಲಿ ‘ಝೆಡ್’ ಇಂಗ್ಲಿಷಿನಲ್ಲಿ ಬರತೊಡಗಿತು, ಶಾಲೆಯಿಂದ ಮನೆಗೆ ಬಂದ ಮಕ್ಕಳನ್ನು ಹಿಡಿದು ಕೂರಿಸಿತು. ಅಲ್ಲಿನ ಪ್ರಸಾರದ ಹಕ್ಕಿದ್ದದ್ದು ಟೆಕ್ಸಸ್‌ನ ಫನಿಮೇಷನ್ ಕಂಪನಿಯ ಬಳಿ. ಅದರ ಮೂಲಕ ಗೇಮ್ ಪರವಾನಗಿ ಪಡೆದದ್ದು ಫ್ರೆಂಚ್ ಮೂಲದ ಇನ್ಫೊಗ್ರಾಮ್ಸ್, ಮುಂದೆ ಅಟಾರಿ ಎಂದು ಹೆಸರು ಬದಲಿಸಿಕೊಂಡ ಕಂಪನಿ. ಈ ಒಂದು ಸಹಿಯಿಂದ ಆದ ಪರಿಣಾಮಗಳು ತಮಾಷೆಯಾಗಿವೆ.

2002ರಲ್ಲಿ ಗೇಮ್‌ಬಾಯ್ ಅಡ್ವಾನ್ಸ್‌ಗೆ ಬಂದ ‘ಲೆಗಸಿ ಆಫ್ ಗೋಕು’ವನ್ನು ತಯಾರಿಸಿದ್ದು ವೆಬ್‌ಫುಟ್ ಎಂಬ ಅಮೆರಿಕದ ಸ್ಟುಡಿಯೊ. ಜಪಾನಿನ ಮಾಂಗಾ, ಜಪಾನಿನ ಯಂತ್ರ, ಆದರೆ ಆಟ ಜಪಾನಿಗೆ ಹೋಗಲೇ ಇಲ್ಲ. ಅದರ ಎರಡನೇ ಭಾಗ 2004ರಲ್ಲಿ ಅಲ್ಲಿಗೆ ತಲುಪಿತು: ತವರಿಗೇ ಆಮದು. ಡಿಂಪ್ಸ್ ಎಂಬ ಜಪಾನಿ ಸ್ಟುಡಿಯೊ ಮಾಡಿದ ‘ಬುಡೊಕಾಯ್’ 2002ರ ಕೊನೆಗೆ ಯುರೋಪು, ಅಮೆರಿಕಗಳಲ್ಲಿ ಬಿಡುಗಡೆಯಾಗಿ, ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 2003ರ ಫೆಬ್ರವರಿಯಲ್ಲಿ. ಬೆಳೆದವರ ಮನೆಗೇ ಫಸಲು ಕೊನೆಗೆ. ಇನ್ನು ‘ಅಲ್ಟಿಮೇಟ್ ಬ್ಯಾಟಲ್ 22’ ಜಪಾನಿನಲ್ಲಿ 1995ರಲ್ಲೇ ಬಂದಿದ್ದ ಆಟ. ಕೈಯಲ್ಲಿ ಪರವಾನಗಿ ಇದೆ, ಹೊರಗೆ ಬೇಡಿಕೆ ಇದೆ ಎಂದು ಅದನ್ನು ಎಂಟು ವರ್ಷದ ನಂತರ, ಪ್ಲೇಸ್ಟೇಷನ್ 2ರ ಕಾಲದಲ್ಲಿ, ಅಮೆರಿಕದಲ್ಲಿ ಹೊಸ ಸರಕಿನಂತೆ ಮಾರಿದರು. ವಿಮರ್ಶಕರು ಅದನ್ನು ಹರಿದು ತಿಂದರು. ತಪ್ಪು ಆಟದ್ದಲ್ಲ, ಎಂಟು ವರ್ಷ ತಡವಾಗಿ ಬಂದದ್ದು ಪಾಪ ಅದರ ಆಯ್ಕೆಯೂ ಅಲ್ಲ.

‘ದಸರಾ ಮೈಸೂರು’

ಈಗ ಹೆಸರಿನ ಗಂಟನ್ನು ಬಿಡಿಸಬಹುದು.

‘ತೆಂಕಾಯ್ಚಿ ಬುದೊಕಾಯ್’ ಎಂಬುದು ಮಾಂಗಾದಲ್ಲಿ ಬರುವ ಕುಸ್ತಿ ಕೂಟದ ಹೆಸರು. ಜಗತ್ತಿನ ಅಗ್ರ ಮಲ್ಲನನ್ನು ಆರಿಸುವ ಪಂದ್ಯ ಎಂದು ಅರ್ಥ. ಡಿಂಪ್ಸ್ ತಯಾರಿಸಿದ ಮೂರು ಆಟಗಳು ಅಮೆರಿಕದಲ್ಲಿ ‘ಬುಡೊಕಾಯ್’ ಎಂಬ ಹೆಸರಿನಲ್ಲಿ ಚೆನ್ನಾಗಿ ಓಡಿದವು. 2005ರಲ್ಲಿ ಸ್ಪೈಕ್ ಎಂಬ ಬೇರೊಂದು ಸ್ಟುಡಿಯೊ ‘ಸ್ಪಾರ್ಕಿಂಗ್!’ ಎಂಬ ಬೇರೆಯೇ ಆಟ ಮಾಡಿತು. ಇದರಲ್ಲಿ ಕ್ಯಾಮೆರಾ ಹೋರಾಟಗಾರನ ಬೆನ್ನ ಹಿಂದೆ ಇರುತ್ತದೆ, ಬಯಲಲ್ಲಿ ಎತ್ತ ಬೇಕಾದರೂ ಹಾರಬಹುದು. ‘ಬುಡೊಕಾಯ್’ಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಅಟಾರಿಯ ಕೈಯಲ್ಲಿ ಓಡುವ ಹೆಸರೊಂದಿತ್ತು. ಹೊಸ ಆಟಕ್ಕೂ ಅದನ್ನೇ ಅಂಟಿಸಿ, ಕೂಟದ ಹೆಸರಿನ ಎರಡು ಪದಗಳನ್ನು ಹಿಂದುಮುಂದು ಮಾಡಿ ‘ಬುಡೊಕಾಯ್ ಟೆಂಕಾಯ್ಚಿ’ ಎಂದರು. ಮೈಸೂರು ದಸರಾ ಎನ್ನುವ ಬದಲು ‘ದಸರಾ ಮೈಸೂರು’ ಎಂದ ಹಾಗೆ. ಜಪಾನಿಯರಿಗೆ ಅದು ಹೇಗೆ ಕೇಳಿಸುತ್ತದೆ ಎಂಬ ಚಿಂತೆ ಮಾಡಬೇಕಾದ ಅಗತ್ಯ ಅಟಾರಿಗೆ ಇರಲಿಲ್ಲ. ಅದರ ಪರವಾನಗಿ ಜಪಾನಿನ ಗಡಿಯ ಆಚೆಗಷ್ಟೇ ನಡೆಯುತ್ತಿತ್ತು.

2005ರಿಂದ 2007ರವರೆಗೆ ವರ್ಷಕ್ಕೊಂದರಂತೆ ಮೂರು ಭಾಗಗಳು ಬಂದವು. ಮೂರನೆಯದರಲ್ಲಿ ರೂಪಾಂತರಗಳನ್ನೂ ಸೇರಿಸಿ 161 ಪಾತ್ರಗಳಿದ್ದವು. ಭಾರತದಲ್ಲಿ 2000ದ ದಶಕದ ಮೊದಲ ವರ್ಷಗಳಲ್ಲಿ ಕಾರ್ಟೂನ್ ನೆಟ್‌ವರ್ಕ್ ಮೂಲಕ ‘ಝೆಡ್’ ನೋಡಿ, ಪ್ಲೇಸ್ಟೇಷನ್ 2ರಲ್ಲಿ ಇಂಗ್ಲಿಷ್ ಡಿಸ್ಕ್ ಹಾಕಿ ಆಡಿದವರಿಗೂ ಗೊತ್ತಿರುವುದು ಅಟಾರಿಯ ಹೆಸರೇ. 2010ರ ಹೊತ್ತಿಗೆ ಅಟಾರಿಯ ಹಕ್ಕು ಮುಗಿದು, ಅಷ್ಟರಲ್ಲಿ ನಾಮ್ಕೊ ಜೊತೆ ಒಂದಾಗಿದ್ದ ಬಂಡೈ ಕೈಗೆ ಬಹುತೇಕ ಇಡೀ ಜಗತ್ತಿನ ಮಾರಾಟ ಬಂತು. ಎಲ್ಲ ಕಡೆ ಒಬ್ಬನೇ ಮಾರುವವನಾದ ಮೇಲೆ ಎರಡು ಹೆಸರಿನ ಅಗತ್ಯ ಎಲ್ಲಿ? ಮೂರನೆಯ ಭಾಗ ಬಂದ 17 ವರ್ಷಗಳ ನಂತರ ಅದೇ ಸ್ಪೈಕ್, ಈಗಿನ ಸ್ಪೈಕ್ ಚುನ್‌ಸಾಫ್ಟ್, ಮಾಡಿದ ಮುಂದಿನ ಭಾಗ ಎಲ್ಲ ದೇಶಗಳಲ್ಲೂ ‘ಸ್ಪಾರ್ಕಿಂಗ್!’ ಎಂಬ ಜಪಾನಿ ಸರಣಿಯ ಹೆಸರನ್ನೇ ಹೊತ್ತು ಬಂತು. ಹಳೆಯ ಅಭಿಮಾನಿಗಳು ನಾಲ್ಕು ಎಂದರೆ ತಪ್ಪಿಲ್ಲ. ಕಂಪನಿ ಸೊನ್ನೆ ಎಂದರೂ ತಪ್ಪಿಲ್ಲ. ಅಟಾರಿಯ ಲೆಕ್ಕದ ಪುಸ್ತಕವನ್ನು ಮುಚ್ಚಿ ತನ್ನದನ್ನು ಮೊದಲ ಪುಟದಿಂದ ತೆರೆದಿದೆ, ಅಷ್ಟೇ.

ಹಳೆಯವು ಏಕೆ ಸಿಗುವುದಿಲ್ಲ

ಪುಸ್ತಕವನ್ನು ಮರುಮುದ್ರಿಸುವಷ್ಟು ಸುಲಭವಾಗಿ ಪರವಾನಗಿಯ ಗೇಮ್ ಅನ್ನು ಮರಳಿ ತರಲಾಗದು. ಲೇಖಕರ ಸಂಸ್ಥೆ, ಪ್ರಕಾಶಕರು, ಆನಿಮೇಷನ್ ಕಂಪನಿ, ದನಿ ಕೊಟ್ಟ ಕಲಾವಿದರು, ಹಾಡಿನ ಹಕ್ಕುದಾರರು, ಅಂದಿನ ಹೊರದೇಶದ ಮಾರಾಟಗಾರರು ಹೀಗೆ ಎಷ್ಟೋ ಕೈಗಳು ಒಪ್ಪಬೇಕಾಗಬಹುದು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದಾದರೆ ಇಲ್ಲಿ ಪೂಜಾರಿಗಳ ಸಾಲೇ ಇದೆ.

ಒಂದು ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ಸಂಗೀತದ ಪ್ರಕರಣ ಒಳ್ಳೆಯ ನಿದರ್ಶನ. ಸೂಪರ್ ಫ್ಯಾಮಿಕಾಮ್ ಕಾಲದಿಂದ ‘ಬುಡೊಕಾಯ್’ವರೆಗೆ ಡ್ರ್ಯಾಗನ್ ಬಾಲ್ ಆಟಗಳಿಗೆ ಸಂಗೀತ ಕೊಟ್ಟವರು ಕೆಂಜಿ ಯಾಮಾಮೊಟೊ. 2009ರಲ್ಲಿ ಆರಂಭವಾದ ‘ಕಾಯ್’ ಎಂಬ ಟಿ.ವಿ. ಸರಣಿಗೂ ಅವರದೇ ಸಂಗೀತ. 2011ರ ಮಾರ್ಚ್‌ನಲ್ಲಿ, ಆ ಸಂಗೀತ ಬೇರೆಯವರ ಕೃತಿಗಳ ಹಕ್ಕನ್ನು ಉಲ್ಲಂಘಿಸಿರಬಹುದು ಎಂದು ಟೋಯಿ ಪ್ರಕಟಿಸಿ, ಸರಣಿಯ ಹಿನ್ನೆಲೆ ಸಂಗೀತವನ್ನು ಬದಲಿಸಿತು. ಏಟು ಟಿ.ವಿ.ಗೆ ಮಾತ್ರ ಬೀಳಲಿಲ್ಲ. 2012ರಲ್ಲಿ ‘ಬುಡೊಕಾಯ್’ ಸರಣಿಯನ್ನು ಹೊಸ ಯಂತ್ರಗಳಿಗೆ ತಂದಾಗ ಮೂಲ ಸಂಗೀತವನ್ನು ತೆಗೆದು ಬೇರೆ ಆಟಗಳದ್ದನ್ನು ತುಂಬಿದರು. ಒಂದನೇ ಮತ್ತು ಮೂರನೇ ಭಾಗ ಬಂದವು, ಎರಡನೆಯದನ್ನು ಬಿಟ್ಟೇಬಿಟ್ಟರು. ಆಟ ಅದೇ, ಹೊಡೆತ ಅದೇ, ಆದರೆ ನೆನಪಿನಲ್ಲಿದ್ದ ಮದ್ದಲೆಯ ಪೆಟ್ಟು ಬೇರೆ.

ಇನ್ನೊಂದು ಪ್ರಕರಣ ‘ಜಂಪ್ ಫೋರ್ಸ್’ನದು. ಜಂಪ್ ಪತ್ರಿಕೆಯ ಬಳಗದ ಹತ್ತಾರು ಮಾಂಗಾಗಳ ನಾಯಕರನ್ನು ಒಂದೇ ಕಣಕ್ಕಿಳಿಸಿದ ಈ ಆಟ 2019ರ ಫೆಬ್ರವರಿಯಲ್ಲಿ ಬಂತು. ಮೂರೇ ವರ್ಷಕ್ಕೆ, 2022ರ ಫೆಬ್ರವರಿ 7ರಂದು, ಡಿಜಿಟಲ್ ಮಾರಾಟ ನಿಂತಿತು. ಪರವಾನಗಿಯ ಅವಧಿ ಮುಗಿಯಿತು ಎಂಬುದು ಎಲ್ಲರೂ ಮಾಡಿದ ಊಹೆ, ಕಂಪನಿಯೇನೂ ಬಿಡಿಸಿ ಹೇಳಲಿಲ್ಲ. ಒಂದು ಮಾಂಗಾದ ಆಟಕ್ಕೇ ಇಷ್ಟು ಸಹಿಗಳು ಬೇಕಾದರೆ ಹತ್ತಾರು ಮಾಂಗಾಗಳನ್ನು ಕೂಡಿಸಿದ ಆಟ ಎಷ್ಟು ದಿನ ಅಂಗಡಿಯಲ್ಲಿ ನಿಂತೀತು?

ಇದು ಮುಂದಕ್ಕೆ ಹೆಚ್ಚು ಕಾಡುವ ವಿಷಯ. ‘ಶೆನ್‌ರೊನ್ ನೊ ನಾಜೊ’ದ ಕ್ಯಾಸೆಟ್ ಇದ್ದವರು ಇಂದಿಗೂ ಆಡಬಹುದು, ಯಾರ ಅಪ್ಪಣೆಯೂ ಬೇಡ. ಸರ್ವರ್ ನಂಬಿದ ಆಟಕ್ಕೆ ಆ ಭಾಗ್ಯವಿಲ್ಲ. ಕೊರಿಯಾದಲ್ಲಿ 2010ರಲ್ಲಿ ಶುರುವಾದ ‘ಡ್ರ್ಯಾಗನ್ ಬಾಲ್ ಆನ್‌ಲೈನ್’ 2013ರಲ್ಲಿ ಮುಚ್ಚಿತು, ಅದರೊಂದಿಗೆ ಅದರ ಲೋಕವೂ ಹೋಯಿತು. ಡಿಜಿಟಲ್ ಸರಕನ್ನು ಕೊಳ್ಳುವವರು ಪಡೆಯುವುದು ಪರವಾನಗಿಯನ್ನೇ ಹೊರತು ಒಡೆತನವನ್ನಲ್ಲ ಎಂದು ಮಾರಾಟಗಾರರು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನು 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಜಾರಿಯಲ್ಲಿದೆ. ತಿಳಿಸಿದ ಮಾತ್ರಕ್ಕೆ ಆಟ ಉಳಿಯುವುದಿಲ್ಲ, ಆದರೂ ಸುಳ್ಳು ಕಡಿಮೆಯಾಗುತ್ತದೆ.

ಮತ್ತೆ ಮತ್ತೆ ಅದೇ ಕಥೆ

ಡ್ರ್ಯಾಗನ್ ಬಾಲ್ ಆಟಗಳ ಮೇಲಿರುವ ಹಳೆಯ ದೂರು: ಪ್ರತಿಸಲವೂ ಅವೇ ಖಳರು, ರಾಡಿಟ್ಜ್ ಭೂಮಿಗಿಳಿಯುತ್ತಾನೆ, ಫ್ರೀಜಾ ಗ್ರಹ ಒಡೆಯುತ್ತಾನೆ, ಸೆಲ್ ಪಂದ್ಯ ಕರೆಯುತ್ತಾನೆ, ಬೂ ಎಲ್ಲವನ್ನೂ ನುಂಗುತ್ತಾನೆ. 2020ರ ‘ಕಾಕರೋಟ್’ ಆಟ ಕೂಡ ಇದನ್ನೇ ಇನ್ನಷ್ಟು ಸಾವಧಾನವಾಗಿ ಹೇಳಿತು. ಹೊಸ ಕಥೆ ಬರೆಯಲು ಇವರಿಗೇನು ಕಷ್ಟ?

ಹೊಸ ಕಥೆ, ಹೊಸ ಪಾತ್ರ ಎಂದ ಕೂಡಲೇ ಅದು ಯಾರ ಸೊತ್ತು ಎಂಬ ಪ್ರಶ್ನೆ ಏಳುತ್ತದೆ. ಹಳೆಯ ಕಥೆಗೆ ಒಪ್ಪಿಗೆ ಆಗಲೇ ಸಿಕ್ಕಿರುತ್ತದೆ. ಹೀಗಾಗಿ ಹೊಸತನಕ್ಕೆ ದಾರಿ ತೆರೆದದ್ದು ಹೆಚ್ಚಾಗಿ ಟೋರಿಯಾಮಾ ಅವರೇ ಕೈಹಾಕಿದಾಗ: 2018ರ ‘ಫೈಟರ್‌ಝೆಡ್’ನಲ್ಲಿ ಬರುವ ಆಂಡ್ರಾಯ್ಡ್ 21 ಪಾತ್ರದ ರೂಪ ಅವರದು. ಇನ್ನೊಂದು ದಾರಿ, ಕಾಲದಲ್ಲಿ ಹಿಂದೆ ಹೋಗಿ ಹಳೆಯ ಕಾಳಗಗಳನ್ನೇ ಸರಿಪಡಿಸುವ ಕಾವಲುಗಾರರ ಕಥೆ ಹೆಣೆದ ‘ಝೆನೋವರ್ಸ್’ನದು. ಕಥೆ ಹೊಸದು, ಸಾಮಗ್ರಿ ಹಳೆಯದು. ಎಲ್ಲರೂ ಒಪ್ಪಬಹುದಾದ ಜಾಣ ಉಪಾಯ.

ಹಾಗೆಂದು ಪುನರಾವರ್ತನೆಯನ್ನು ದೋಷವೆಂದೇ ಎಣಿಸಬೇಕಿಲ್ಲ. ಗದಾಯುದ್ಧ ಪ್ರಸಂಗಕ್ಕೆ ಹೋಗುವವರಿಗೆ ಕೌರವನ ತೊಡೆ ಮುರಿಯುತ್ತದೆಂದು ಮೊದಲೇ ಗೊತ್ತು; ಅವರು ನೋಡುವುದು ಇವತ್ತಿನ ವೇಷ ಹೇಗೆ ಕುಣಿಯಿತು ಎಂಬುದನ್ನು. ಆರ್ಕ್ ಸಿಸ್ಟಮ್ ವರ್ಕ್ಸ್ ‘ಫೈಟರ್‌ಝೆಡ್’ನಲ್ಲಿ ಮಾಡಿದ್ದು ಅದನ್ನೇ. ಮೂರು ಆಯಾಮದ ಗೊಂಬೆಗಳನ್ನು ಬಳಸಿಯೂ, ಕೈಯಿಂದ ಬರೆದ ಚಿತ್ರದಂತೆ ಕಾಣಲು ಚಲನೆಯನ್ನು ಬೇಕೆಂದೇ ತುಂಡು ತುಂಡಾಗಿಸಿದರು. ಅದೇ ವರ್ಷ ಲಾಸ್ ವೇಗಸ್‌ನಲ್ಲಿ ನಡೆದ, ಹೊಡೆದಾಟದ ಗೇಮ್‌ಗಳ ಪಂದ್ಯಾವಳಿಯಾದ ‘ಈವೊ’ ಕೂಟದಲ್ಲಿ ಅತಿ ಹೆಚ್ಚು ಸ್ಪರ್ಧಿಗಳನ್ನು ಸೆಳೆದ ಆಟ ಅದು.

ಒಬ್ಬರ ಕೈಯಲ್ಲೇ ಇರುವುದು ಒಳ್ಳೆಯದೇ?

ಇಲ್ಲಿ ಎರಡು ವಾದಗಳಿವೆ. ಇಡೀ ಹಕ್ಕು ಬಂಡೈ ನಾಮ್ಕೊ ಬಳಿ ಇರುವುದರಿಂದಲೇ ನಿರಂತರತೆ ಬಂದಿದೆ ಎನ್ನುವುದು ಒಂದು. 2016ರ ‘ಝೆನೋವರ್ಸ್ 2’ಕ್ಕೆ ವರ್ಷಗಟ್ಟಲೆ ಹೊಸ ಪಾತ್ರಗಳು ಬರುತ್ತಲೇ ಇದ್ದವು, ಅದೂ ‘ಫೈಟರ್‌ಝೆಡ್’ ಕೂಡ ತಲಾ ಒಂದು ಕೋಟಿ ಪ್ರತಿ ದಾಟಿದವು. ಹಕ್ಕು ನಾಲ್ಕು ವರ್ಷಕ್ಕೊಮ್ಮೆ ಕೈ ಬದಲಾಗುತ್ತಿದ್ದರೆ ಯಾರೂ ಇಷ್ಟು ದೀರ್ಘಕಾಲ ಹಣ ಹೂಡುತ್ತಿರಲಿಲ್ಲ. ಬಂಡೈ ನಾಮ್ಕೊ ಗುಂಪಿನ ಆಟಿಕೆ, ಕಾರ್ಡು, ಗೇಮ್ ಎಲ್ಲ ಸೇರಿ ಡ್ರ್ಯಾಗನ್ ಬಾಲ್‌ನ ವಾರ್ಷಿಕ ವಹಿವಾಟು ಈಚಿನ ವರ್ಷಗಳಲ್ಲಿ 10,000 ಕೋಟಿ ಯೆನ್ ಮೀರಿದೆ.

ಇನ್ನೊಂದು ವಾದದವರು ಇದೇ ಅಂಕಿಯನ್ನು ತೋರಿಸಿ ಆತಂಕಪಡುತ್ತಾರೆ. ಸ್ಪರ್ಧಿ ಇಲ್ಲದ ಮಾರಾಟಗಾರ ಪಾತ್ರಗಳನ್ನು ಒಂದೊಂದಾಗಿ ಬಿಡಿಬಿಡಿಯಾಗಿ ಮಾರುತ್ತಾನೆ, ಟಿ.ವಿ.ಯ ಹಾಡುಗಳು ಬೇಕಾದರೆ ಅದಕ್ಕೂ ಬೇರೆ ಬೆಲೆ. 2015ರ ‘ಡೊಕ್ಕಾನ್ ಬ್ಯಾಟಲ್’ ಮತ್ತು 2018ರ ‘ಲೆಜೆಂಡ್ಸ್’ ಎಂಬ ಮೊಬೈಲ್ ಆಟಗಳು ಉಚಿತ, ಆದರೆ ಬೇಕಾದ ಪಾತ್ರ ಸಿಗುವುದು ಅದೃಷ್ಟದ ಚೀಟಿ ಎತ್ತಿದಂತೆ. ಈ ಪದ್ಧತಿಗೆ ‘ಗಾಚಾ’ ಎನ್ನುತ್ತಾರೆ, ನಾಣ್ಯ ಹಾಕಿ ತಿರುಗಿಸಿದರೆ ಆಟಿಕೆಯ ಗುಂಡು ಉದುರುವ ಯಂತ್ರದ ಸದ್ದಿನಿಂದ ಬಂದ ಮಾತು. ಬಂಡೈ ಅಂಥ ಯಂತ್ರಗಳನ್ನು ಜಪಾನಿನ ಬೀದಿಗಳಲ್ಲಿ 1977ರಿಂದ ಇಡುತ್ತಾ ಬಂದಿದೆ. ವ್ಯತ್ಯಾಸ ಇಷ್ಟೇ: ಆ ಯಂತ್ರದಲ್ಲಿ ಗುಂಡುಗಳು ಖಾಲಿಯಾಗುತ್ತಿದ್ದವು.

ಎರಡನೇ ವಾದದ ಕಡೆ ಸತ್ಯ ಹೆಚ್ಚಿದೆ ಎನ್ನಿಸಿದರೂ ಅದರಲ್ಲೊಂದು ಕೊರತೆಯಿದೆ. ಬಂಡೈ ನಾಮ್ಕೊಗೂ ಎಲ್ಲ ಅಧಿಕಾರವಿಲ್ಲ. 2019ರ ಆರಂಭದಲ್ಲಿ ‘ಈವೊ ಜಪಾನ್’ ಸೇರಿ ಕೆಲವು ಕೂಟಗಳ ಪಟ್ಟಿಯಿಂದ ‘ಫೈಟರ್‌ಝೆಡ್’ ಇದ್ದಕ್ಕಿದ್ದಂತೆ ಕಾಣೆಯಾಯಿತು. ಕಾರಣವನ್ನು ಯಾರೂ ಅಧಿಕೃತವಾಗಿ ಹೇಳಲಿಲ್ಲ. ಆಟಗಾರರು ಬೆರಳು ತೋರಿಸಿದ್ದು ಮೂಲ ಹಕ್ಕುದಾರರತ್ತ. ಆ ವರ್ಷದ ಆಗಸ್ಟ್‌ನ ‘ಈವೊ’ದಲ್ಲಿ ಆಟ ಮರಳಿತು. ಲಾಭದಲ್ಲಿದ್ದ ಆಟವೂ ಹೀಗೆ ಕೆಲ ತಿಂಗಳು ಮಾತಿಲ್ಲದೆ ಬದಿಗೆ ಸರಿಯಬಲ್ಲದು ಎಂದ ಮೇಲೆ, ಬಂಡೈ ಒಂದನ್ನೇ ಬೈದು ಸುಮ್ಮನಾಗುವುದು ಅರ್ಧ ವಿಶ್ಲೇಷಣೆ.

ಟೋರಿಯಾಮಾ ಇಲ್ಲದ ಕಾಲ

2023ರಲ್ಲಿ ‘ಕ್ಯಾಪ್ಸೂಲ್ ಕಾರ್ಪೊರೇಷನ್ ಟೋಕಿಯೊ’ ಎಂಬ ಹೊಸ ಸಂಸ್ಥೆ ಹುಟ್ಟಿತು. ಅದರ ಮುಖ್ಯಸ್ಥ ಅಕಿಯೊ ಇಯೊಕು, ಅದಕ್ಕೆ ಮುನ್ನ ಶುಯೇಶಾದಲ್ಲಿ ಡ್ರ್ಯಾಗನ್ ಬಾಲ್‌ಗೆಂದೇ ಇದ್ದ ವಿಭಾಗವನ್ನು ನಡೆಸಿದವರು. ಅತ್ತ ಶುಯೇಶಾ 2022ರಲ್ಲಿ ತನ್ನದೇ ಗೇಮ್ ಕಂಪನಿಯೊಂದನ್ನು ತೆರೆದಿತ್ತು. ಯಜಮಾನರ ಸಾಲು ಉದ್ದವಾಗುತ್ತಿದೆಯೇ ಹೊರತು ಮೊಟಕಾಗುತ್ತಿಲ್ಲ, ಅದೂ ಎಲ್ಲರೂ ಗೌರವದಿಂದ ಒಪ್ಪುತ್ತಿದ್ದ ಕೊನೆಯ ಮಾತಿನ ಮನುಷ್ಯ ಇಲ್ಲವಾದ ಹೊತ್ತಿನಲ್ಲಿ.

ಇದರ ಪರಿಣಾಮ ಎರಡು ಬಗೆಯದಾಗಬಹುದು. ಹೊಸ ಪಾತ್ರಕ್ಕೆ ಲೇಖಕನ ಮುದ್ರೆ ಒತ್ತುವವರು ಇಲ್ಲದ್ದರಿಂದ ಗೇಮ್‌ಗಳು ಹಳೆಯ ಕಥೆಗೇ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳಬಹುದು. ಒಪ್ಪಿಗೆ ಸಿಕ್ಕಿರುವ ಹಾದಿ ಅದೊಂದೇ. ಅಥವಾ ‘ಜಿ.ಟಿ.’ ಕಾಲದಲ್ಲಿ ಟೋಯಿ ಮಾಡಿದಂತೆ ಕಂಪನಿಗಳೇ ಕೂತು ಕಥೆ ಬೆಳೆಸಬಹುದು. ಮೊದಲನೆಯದರ ಸಾಧ್ಯತೆಯೇ ಹೆಚ್ಚು, ಏಕೆಂದರೆ ‘ಸ್ಪಾರ್ಕಿಂಗ್! ಝೀರೋ’ 182 ಪಾತ್ರಗಳೊಂದಿಗೆ ಬಂದು ಮೂವತ್ತು ಲಕ್ಷ ಜನರನ್ನು ಒಂದೇ ದಿನದಲ್ಲಿ ಕರೆದದ್ದು ಹಳೆಯ ಕಾಳಗಗಳಿಗೆ. ಅದರಲ್ಲಿ ಆಟಗಾರ ಬೇರೆ ಆಯ್ಕೆ ಮಾಡಿದರೆ ಕೆಲವು ಕಡೆ ಕಥೆಯ ದಿಕ್ಕು ತಪ್ಪುವಂತೆ ಮಾಡಿದ್ದಾರೆ. ಗೋಕು ರಾಡಿಟ್ಜ್‌ನೊಡನೆ ಸಾಯದೆ ಉಳಿದರೆ ಏನಾಗುತ್ತಿತ್ತು ಎಂಬಂಥ ಕವಲುಗಳು. ಹೊಸ ಪಾತ್ರವಿಲ್ಲದೆ ಹೊಸ ಕಥೆ. ಮುಂದಿನ ಹತ್ತು ವರ್ಷ ಈ ದಾರಿಯಲ್ಲೇ ಹೆಚ್ಚು ಓಡಾಟವಿರುತ್ತದೆ.

ಜಪಾನಿನ ಕಾನೂನಿನ ಪ್ರಕಾರ ಹಕ್ಕುಸ್ವಾಮ್ಯ ಲೇಖಕ ತೀರಿಕೊಂಡ ನಂತರ 70 ವರ್ಷ ಇರುತ್ತದೆ. ಡ್ರ್ಯಾಗನ್ ಬಾಲ್ ಮಾಂಗಾ ಎಲ್ಲರ ಸೊತ್ತಾಗುವುದು 2094 ಕಳೆದ ಮೇಲೆ. ಅಷ್ಟರವರೆಗೆ ‘ಬುಡೊಕಾಯ್ 2’ರ ಮೂಲ ಸಂಗೀತ ಕೇಳಬೇಕೆನ್ನುವವರು 2003ರಲ್ಲಿ ಅಚ್ಚಾದ ಡಿಸ್ಕ್ ಒಂದನ್ನೂ, ಅದನ್ನು ಇನ್ನೂ ಓದಬಲ್ಲ ಪ್ಲೇಸ್ಟೇಷನ್ 2 ಒಂದನ್ನೂ ಹುಡುಕಿಕೊಳ್ಳಬೇಕು.